ಮಲಗಿದವರನ್ನೂ ಲೆಕ್ಕಕ್ಕೆ ಹಿಡಿಯುವ ಬಗ್ಗೆ

ಇಂದ,
ದಿಂಬಿನ ಅಂಚು ಹೊಲಿಯುವವಳು ಹಾಗೂ ಫೋನ್ ಎತ್ತುವವಳು
(ಯಜಮಾನರ ಅಣ್ಣನ ಹೆಂಡತಿ),
ಹಾಸಿಗೆ ಮತ್ತು ದಿಂಬಿನ ಅಂಗಡಿ,
ಮುಂದಿನ ಕೋಣೆ, ಕಿಟಕಿ ಪಕ್ಕದ ಹೊಲಿಗೆ ಯಂತ್ರ.

ಗೆ,
ಭೇಟಿಗಳ ಲೆಕ್ಕ ಇಡುವ ತಂತ್ರಾಂಶ ಮಹಾಶಯರು,
ನಮ್ಮ ಅಂಗಡಿಯ ವೆಬ್‌ಸೈಟಿನ ಹಿಂಬದಿ.

ಮೂಲಕ: ಯಜಮಾನರ ಬಾಮೈದ ಗ್ರಾಫಣ್ಣನವರು. (ತಮ್ಮ ಪಾಸ್‌ವರ್ಡ್ ಇರುವುದು ಅವರೊಬ್ಬರ ಬಳಿ.)

ವಿಷಯ: ತಮ್ಮ ವರದಿಯಲ್ಲಿರುವ ಆರ್ಡರುಗಳಿಗೂ ನಮ್ಮಿಂದ ನಿಜವಾಗಿ ಹೋಗುವ ದಿಂಬುಗಳಿಗೂ ನಡುವೆ ಇರುವ ಅಂತರ, ಮತ್ತು ಆ ಅಂತರದೊಳಗೆ ಸಿಕ್ಕಿಬಿದ್ದಿರುವ ಮುಂದಿನ ಕೋಣೆಯನ್ನು ಬಿಡಿಸಿಕೊಡುವ ಬಗ್ಗೆ.

ಉಲ್ಲೇಖ: (ಅ) ತಮ್ಮ ಕಳೆದ ತಿಂಗಳ ವರದಿ, ಬಾಣಗಳೆಲ್ಲ ಮೇಲ್ಮುಖ.
(ಆ) ಬಡಗಿಯವರು ಇಂದು ಬೆಳಿಗ್ಗೆ ಬಾಗಿಲಲ್ಲಿ ಇಳಿಸಿದ ಹಲಗೆಗಳು.
(ಇ) ಯಜಮಾನರ ಬಾಯಿಮಾತಿನ ಆದೇಶ, ಅದೇ ಬಾಗಿಲಲ್ಲಿ ನಿಂತು ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮಗೆ ಬರೆಯಬೇಕೆಂದು ನಾನಾಗಿ ಹೊರಟವಳಲ್ಲ. ಮುಂದಿನ ಕೋಣೆಯನ್ನು ಹಲಗೆ ಹೊಡೆದು ಮುಚ್ಚಬೇಡಿ ಎಂದು ಯಜಮಾನರನ್ನು ಕೇಳಿಕೊಂಡಾಗ, "ನನ್ನನ್ನ ಕೇಳಬೇಡಿ ಅತ್ತಿಗೆ. ಲೆಕ್ಕ ಏನು ಹೇಳುತ್ತೋ ಅದೇ ಆಗೋದು. ಬೇಕಾದ್ರೆ ಅದಕ್ಕೇ ಒಂದು ಅರ್ಜಿ ಹಾಕ್ಕೊಳ್ಳಿ" ಎಂದರು. ತಮಾಷೆಗೆ ಅಂದರೆಂದು ಗ್ರಾಫಣ್ಣನವರು ನಕ್ಕರು. ಯಜಮಾನರು ನಗಲಿಲ್ಲ. ಕಾರಣ ಈ ಅರ್ಜಿ. ತಮ್ಮ ಸಮಯ ಅಮೂಲ್ಯವಾದುದು. ಆದರೆ ಒಂದು ಪುಟದಲ್ಲಿ ಹೆಚ್ಚು ಹೊತ್ತು ನಿಂತವರನ್ನು ತಾವು ಮೆಚ್ಚುತ್ತೀರೆಂದು ಕೇಳಿದ್ದೇನೆ, ಆದ್ದರಿಂದ ತಾವೂ ಇಲ್ಲಿ ಸ್ವಲ್ಪ ನಿಲ್ಲುವಿರೆಂದು ನಂಬಿದ್ದೇನೆ.

೧. ಮುಂದಿನ ಕೋಣೆ ಎಂದರೇನೆಂದು ತಮಗೆ ತಿಳಿದಿರಲಾರದು. ಹಿಂದಿನ ಕೋಣೆಯಲ್ಲಿ ನನ್ನ ಯಜಮಾನರು ಹತ್ತಿ ಹಿಂಜಿ ತುಂಬುತ್ತಾರೆ. (ಇವರು ಗಂಡ. ಅಂಗಡಿಯ ಯಜಮಾನರು ಇವರ ತಮ್ಮ. ಗೊಂದಲವಾದರೆ ಇವರನ್ನು ಬಿಟ್ಟುಬಿಡಿ, ಇವರಿಗೆ ಅಭ್ಯಾಸವಾಗಿದೆ.) ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಬೆಂಚು, ನನ್ನ ಯಂತ್ರ ಮತ್ತು ನಮ್ಮ ಅತ್ತೆಯವರ ಕುರ್ಚಿ. ಗಿರಾಕಿ ಬಂದರೆ ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಬೇಕು. ಅತ್ತೆ ಅವರ ಕುತ್ತಿಗೆಗೂ ಹಾಸಿಗೆಗೂ ನಡುವೆ ಕೈಯಿಟ್ಟು ನೋಡಿ, ದಿಂಬು ಎಷ್ಟು ದಪ್ಪ ಇರಬೇಕೆಂದು ನನಗೆ ಹೇಳುತ್ತಾರೆ. ದಿಂಬು ಸಿದ್ಧವಾಗಿ ಗಿರಾಕಿ ಮತ್ತೆ ಬಂದಾಗ ಅದರ ಮೇಲೊಮ್ಮೆ ತಲೆಯಿಡಿಸಿ, ತಮ್ಮ ತಂದೆ ಕಟ್ಟಿದ ಪದ್ಯವೊಂದನ್ನು ಹೇಳಿ ಕೊಡುತ್ತಾರೆ:

ಹಗಲೆಲ್ಲ ಹೊತ್ತ ಹೊರೆ ಹೊಸಿಲಾಚೆಗಿರಲಿ
ಬಗಲಲ್ಲಿ ಮಲಗಿರುವ ಜೀವ ನಗುತಿರಲಿ
ಮುಗಿಯದಾ ಕೆಲಸವನು ಮುಂಜಾವು ಕಾಯಲಿ
ಜಗವ ಕಾಯುವ ದೊರೆಯೆ ದಿಂಬಾಗಿ ಬರಲಿ

ಪದ್ಯ ಹೇಳದೆ ನಮ್ಮ ಅಂಗಡಿಯಿಂದ ಒಂದು ದಿಂಬೂ ಆಚೆ ಹೋಗಿದ್ದಿಲ್ಲ. ನಾನು ಈ ಮನೆಗೆ ಬಂದ ದಿನದಿಂದ ಕೇಳುತ್ತಿದ್ದೇನೆ. ಇಂದಿಗೂ ಆ ನಾಲ್ಕನೆಯ ಸಾಲು ಬರುವಾಗ ನನ್ನ ಯಂತ್ರದ ಪೆಡಲ್ ತಾನಾಗಿ ನಿಲ್ಲುತ್ತದೆ.

೨. ವೆಬ್‌ಸೈಟ್ ಮಾಡಿಸಿದಾಗ, ಅಲ್ಲಿ ಕೊಂಡವರಿಗೆ ಪದ್ಯ ಹೇಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಗ್ರಾಫಣ್ಣನವರು ಅತ್ತೆಯ ದನಿಯನ್ನು ಫೋನಿನಲ್ಲಿ ಹಿಡಿದು, ಆರ್ಡರ್ ಮುಗಿದ ಮೇಲೆ ಬರುವ 'ಧನ್ಯವಾದಗಳು' ಎಂಬ ಕೊನೆಯ ಪುಟದಲ್ಲಿಟ್ಟರು. ಗುಂಡಿ ಒತ್ತಿದರೆ ಪದ್ಯ ಕೇಳಿಸುತ್ತದೆ.

"ದುಡ್ಡು ಕೊಟ್ಟವರಿಗೆ ಮಾತ್ರ ಯಾಕಪ್ಪ? ಬೇರೆಯವರೂ ಕೇಳ್ಲಿ" ಎಂದರು ಅತ್ತೆ.

"ಅದು ಕೊನೆ ಪುಟ ಅಮ್ಮ. ಅಲ್ಲಿಗೆ ತಗೊಂಡವರು ಬಿಟ್ಟು ಇನ್ಯಾರೂ ಬರಲ್ಲ."

ಈ ಮಾತನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ತಾವು ಕೆಲಸಕ್ಕೆ ಸೇರಿದ ದಿನ ತಮಗೆ ಕಲಿಸಿದ್ದೂ ಇದನ್ನೇ: ಯಾರು ಕೊನೆಯ ಪುಟ ತೆರೆದರೋ ಅವರು ಒಂದು ದಿಂಬು ಕೊಂಡರು. ತಾವು ಕಲಿತದ್ದನ್ನು ಬಿಡದೆ ಮಾಡಿದ್ದೀರಿ. ಆದ್ದರಿಂದ ತಮ್ಮ ಮೇಲೆ ನನ್ನ ದೂರಿಲ್ಲ.

೩. ಮೊದಮೊದಲು ತಮ್ಮ ಲೆಕ್ಕವೂ ನಮ್ಮ ಲೆಕ್ಕವೂ ಅಕ್ಕತಂಗಿಯರಂತೆ ಜೊತೆಯಲ್ಲೇ ನಡೆದವು. ಆಮೇಲೆ ತಮ್ಮದು ಓಡತೊಡಗಿತು. ವರದಿಯಲ್ಲಿ ಆರ್ಡರುಗಳ ಗೆರೆ ಏಣಿ ಹಾಕಿಕೊಂಡು ಮೇಲೆ ಹೋಯಿತು. ಆದರೆ ಯಾರಿಗೆ ಕಳಿಸಬೇಕು, ಎಲ್ಲಿಗೆ ಕಳಿಸಬೇಕು ಎಂದು ತಿಳಿಸುವ ಮೇಲ್‌ಗಳು ಮಾತ್ರ ಎಂದಿನಂತೆ ವಾರಕ್ಕೆ ಬೆರಳೆಣಿಕೆಯಷ್ಟು.

"ಮಿಕ್ಕ ಮೇಲ್ ಎಲ್ಲೋ ಸಿಕ್ಕಿಹಾಕ್ಕೊಂಡಿವೆ ಭಾವ" ಎಂದರು ಗ್ರಾಫಣ್ಣ. "ಒಂದು ದಿನ ಒಟ್ಟಿಗೇ ಬಂದು ಬೀಳ್ತವೆ. ಅವತ್ತು ದಿಂಬಿಲ್ಲ ಅಂದ್ರೆ ಮಾನ ಹೋಗುತ್ತೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಯಜಮಾನರು ಹತ್ತಿಯನ್ನು ಲಾರಿಯಲ್ಲಿ ತರಿಸಿದರು. ಯಾರ ಕುತ್ತಿಗೆಗೆ ಎಂದು ಗೊತ್ತಿಲ್ಲದ ಕಾರಣ ಎಲ್ಲವೂ ಒಂದೇ ದಪ್ಪ. ನಾನು ಹೊಲಿದೆ, ಇವರು ತುಂಬಿದರು. ದಿಂಬುಗಳು ಅಟ್ಟ ತುಂಬಿ ಮೆಟ್ಟಿಲಿಗೆ ಬಂದವು, ಮೆಟ್ಟಿಲು ತುಂಬಿ ಅಡುಗೆಮನೆಗೆ ಬಂದವು. ಉಪ್ಪಿನ ಡಬ್ಬಿ ಬೇಕಾದರೆ ಎರಡು ದಿಂಬು ಎತ್ತಿಡಬೇಕು. ನಾನು ಗೊಣಗಿದ್ದಕ್ಕೆ ನಮ್ಮವರು, "ಬಿಡು, ಈಗ ಈ ಮನೇಲಿ ಎಲ್ಲಿ ಬಿದ್ದರೂ ಪೆಟ್ಟಾಗಲ್ಲ" ಎಂದು ಹೇಳಿ ಮತ್ತೆ ಹತ್ತಿ ಹಿಂಜಲು ಹೋದರು.

೪. ಇದೇ ಹೊತ್ತಿನಲ್ಲಿ ತಾವು ಇನ್ನೊಂದು ವಿಷಯವನ್ನೂ ವರದಿ ಮಾಡಿದಿರಿ: ನಮ್ಮ ವಿಳಾಸ ಮತ್ತು ಫೋನ್ ನಂಬರ್ ಇರುವ ಪುಟಕ್ಕೆ ಬಂದವರು ಕಣ್ಣು ಮಿಟುಕಿಸುವುದರೊಳಗೆ ಬಿಟ್ಟು ಹೋಗುತ್ತಾರೆ. ಗ್ರಾಫಣ್ಣನವರು ಅದನ್ನು ಕೆಂಪು ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. "ಜನ ಓಡಿಹೋಗೋ ಪುಟ ಇದು. ಬರೋ ವಾರ ತೆಗೆದುಬಿಡ್ತೀನಿ."

ಅವರು ಅಂಟಿಸುತ್ತಿರುವಾಗ ಮಂಚದ ಮೇಲೆ ಒಬ್ಬ ಬಸ್ ಡ್ರೈವರ್ ಮಲಗಿದ್ದರು. ಬೆನ್ನುನೋವು. ಅತ್ತೆ ಕೈ ತೆಗೆಯುವುದರೊಳಗೆ ನಿದ್ದೆ ಹೋಗಿದ್ದರು. ಎದ್ದ ಮೇಲೆ ನಾನು ಸುಮ್ಮನೆ ಕೇಳಿದೆ.

"ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮ ತಂಗಿ ಫೋನಲ್ಲಿ ತೋರಿಸಿದ್ಲು. ವಿಳಾಸ ನೋಡಿದೆ, ಬಂದೆ."

"ಆ ಪುಟದಲ್ಲಿ ಸ್ವಲ್ಪ ಹೊತ್ತು ಇದ್ರಾ?"

"ವಿಳಾಸದಲ್ಲಿ ಎಷ್ಟು ಹೊತ್ತು ಇರೋದಮ್ಮ? ಅದೇನು ಕಾದಂಬರಿನಾ?"

ತಮ್ಮ ಲೆಕ್ಕದಲ್ಲಿ ಓಡಿಹೋದವರು ನಮ್ಮ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅವರು ಒಂದು ಹಾಸಿಗೆಯನ್ನೂ ಮಾಡಿಕೊಡಲು ಹೇಳಿ ಹೋದರು. ಅದು ತಮಗೆ ಕಾಣಲಿಲ್ಲ, ಏಕೆಂದರೆ ಅವರು ಬಾಯಲ್ಲಿ ಹೇಳಿದರು.

ಇದಲ್ಲದೆ, ತಾವು ಪುಟದ ಬಾಗಿಲಲ್ಲೇ ಅಡ್ಡ ನಿಂತು 'ನಿಮ್ಮನ್ನು ಹಿಂಬಾಲಿಸಬಹುದೇ' ಎಂಬರ್ಥದ ಪ್ರಶ್ನೆ ಕೇಳುತ್ತೀರಿ. ಗುರುತಿಲ್ಲದವರು ಹೀಗೆ ಕೇಳಿದರೆ ಬೇಡ ಎನ್ನಬೇಕೆಂದು ಎಲ್ಲ ಮನೆಗಳಲ್ಲೂ ಹೆಣ್ಣುಮಕ್ಕಳಿಗೆ ಕಲಿಸಿರುತ್ತಾರೆ. ಬೇಡ ಎಂದವರನ್ನು ತಾವು ಲೆಕ್ಕಕ್ಕೆ ಹಿಡಿಯದೆ ಮರ್ಯಾದೆಯಿಂದ ಬಿಟ್ಟುಬಿಡುತ್ತೀರಂತೆ. ಅದು ತಮ್ಮ ದೊಡ್ಡ ಗುಣ. ಆದರೆ ದಿಂಬು ಕೊಳ್ಳುವವರಲ್ಲಿ ಬಹುಪಾಲು ಅವರೇ.

೫. ಹೀಗಿರುವಾಗ ಕಳೆದ ವಾರ ಊಟಕ್ಕೆ ಕುಳಿತಲ್ಲೇ ತೀರ್ಮಾನವಾಯಿತು. ತಮ್ಮ ವರದಿಯಲ್ಲಿ ಮುಂದಿನ ಕೋಣೆ ಎಂಬ ಹೆಸರೇ ಇಲ್ಲ, ಅಲ್ಲಿಂದ ಒಂದು ಆರ್ಡರೂ ದಾಖಲಾಗಿಲ್ಲ. ಇನ್ನೊಂದು ಕಡೆ ದಿಂಬು ಇಡಲು ಜಾಗವಿಲ್ಲ. ಆದ್ದರಿಂದ ಮಂಚ ಬಿಚ್ಚಿ, ಬೀದಿ ಬಾಗಿಲಿಗೆ ಹಲಗೆ ಹೊಡೆದು, ಕೋಣೆಯನ್ನು ದಿಂಬಿನ ಉಗ್ರಾಣ ಮಾಡತಕ್ಕದ್ದು. ಅತ್ತೆಯವರು ಇನ್ನು ಮನೆಯಲ್ಲಿ ಆರಾಮಾಗಿರತಕ್ಕದ್ದು.

ಅತ್ತೆ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿ, "ಆ ಲೆಕ್ಕದಲ್ಲಿ ನಾನೂ ಇಲ್ವೇನಪ್ಪಾ?" ಎಂದು ಕಿರಿಯ ಮಗನನ್ನು ಕೇಳಿದರು.

"ಹಾಗಲ್ಲಮ್ಮ. ನಿನಗೂ ವಯಸ್ಸಾಯ್ತು."

"ವಯಸ್ಸು ಆ ಕುರ್ಚಿ ಮೇಲೆ ಕೂತ್ಕೊಂಡೇ ಆಗಿದ್ದು. ಮಿಕ್ಕಿದ್ದೂ ಅಲ್ಲೇ ಆಗಬಹುದಿತ್ತು" ಎಂದು ಹೇಳಿ ಊಟ ಮುಂದುವರಿಸಿದರು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಮಾರನೆಯ ದಿನದಿಂದ ಬರುವ ಗಿರಾಕಿಗಳಿಗೆ ಪದ್ಯವನ್ನು ನಿಧಾನವಾಗಿ ಹೇಳತೊಡಗಿದರು, ಒಂದೊಂದು ಸಾಲನ್ನೂ ಮಡಿಸಿ ಪೆಟ್ಟಿಗೆಯಲ್ಲಿಡುವವರ ಹಾಗೆ. ಯಂತ್ರದ ಹಿಂದೆ ಕುಳಿತ ನನಗೆ ಅದು ಕೇಳಿಸುತ್ತಿತ್ತು. ನಾನು ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ ಎಂದು ತಿಳಿಯದೆ ದೇವರಿಗೆ ಒಪ್ಪಿಸಿದೆ.

೬. ಇಂದಿನ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಬಡಗಿಯವರು ಹಲಗೆ ಇಳಿಸಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಾಗಿಲ ಅಳತೆ ತೆಗೆಯುತ್ತಿದ್ದರು. ಅವರ ಟೇಪಿನ ಕೆಳಗೆ ಬಗ್ಗಿಕೊಂಡು, ಸೊಂಟದಲ್ಲಿ ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡ ಒಬ್ಬ ಅಜ್ಜಿ ಒಳಗೆ ಬಂದರು. ಮಗು ಒಂದೇ ಸಮನೆ ಅಳುತ್ತಿತ್ತು. ಅಜ್ಜಿಯ ಕಣ್ಣ ಕೆಳಗೆ ಕಪ್ಪು.

"ಪದ್ಯದವರು ಯಾರು ಇಲ್ಲಿ?" ಎಂದು ಕೇಳಿದರು. "ನಿನ್ನೆಯಿಂದ ನಿಮ್ಮ ಪದ್ಯದ ಮೇಲೆ ಏನೋ ಒಂದು ಡಬ್ಬಿ ಬಂದು ಕೂತಿದೆ. ಇನ್ನೊಂದು ದಿಂಬು ಬೇಕಾ ಅಂತ ಕೇಳುತ್ತೆ. ಬೇಡ ಅಂದ್ರೆ ಪದ್ಯವೂ ಹೋಗುತ್ತೆ. ಈ ಮಹಾತಾಯಿ ಅದಿಲ್ಲದೆ ಕಣ್ಣು ಮುಚ್ಚಲ್ಲ. ನಾನೂ ಮುಚ್ಚಿಲ್ಲ."

ಆ ಡಬ್ಬಿ ಗ್ರಾಫಣ್ಣನವರು ಕೊನೆಯ ಪುಟಕ್ಕೆ ಹೊಸದಾಗಿ ಅಂಟಿಸಿದ್ದು. ಅವರು ಪಕ್ಕದಲ್ಲೇ ನಿಂತಿದ್ದರು. ತಪ್ಪಾಯ್ತು ಎನ್ನಲು ಬಾಯಿ ತೆರೆದವರು ಏನೋ ಹೊಳೆದು ನಿಂತರು.

"ನೀವು ನಮ್ಮಲ್ಲಿ ಎಷ್ಟು ದಿಂಬು ತಗೊಂಡಿದ್ದೀರಮ್ಮ?"

"ಒಂದು. ಹೋದ ವರ್ಷ. ಯಾಕೆ, ಚೆನ್ನಾಗಿದೆಯಲ್ಲ."

"ಆ ಪುಟ ಎಷ್ಟು ಸಲ ತೆಗೀತೀರಿ?"

"ಅದು ನನ್ನ ಕೈಲಿಲ್ಲಪ್ಪ, ಇವಳ ಕೈಲಿದೆ. ಒಂದೊಂದು ದಿನ ಎರಡು ಸಲಕ್ಕೆ ಮಲಗ್ತಾಳೆ. ಹಟ ಹಿಡಿದ್ರೆ ಲೆಕ್ಕ ಇಟ್ಟವರಾರು?"

"ಒಬ್ಬರೇ ಕೇಳ್ತೀರಾ?"

"ಒಬ್ಬಳೇ ಯಾಕೆ ಕೇಳ್ಲಿ? ಪುಟದ ಲಿಂಕನ್ನ ಓರಗಿತ್ತಿಗೆ ಕಳಿಸಿದೆ. ಅವಳು ಅವಳ ಹೆಣ್ಣುಮಕ್ಕಳಿಗೆ ಕಳಿಸಿದ್ಲು. ಒಬ್ಬಳು ಆಸ್ಪತ್ರೇಲಿ ನರ್ಸು, ವಾರ್ಡಿನ ಮಕ್ಕಳಿಗೆಲ್ಲ ಹಾಕ್ತಾಳಂತೆ. ಯಾಕಪ್ಪ ಬೆವರ್ತಿದ್ದೀಯ, ಅದಕ್ಕೆ ದುಡ್ಡು ಕಟ್ಟಬೇಕಿತ್ತಾ?"

ಗ್ರಾಫಣ್ಣನವರು ಉಗ್ರಾಣಕ್ಕೆಂದು ಆಗಲೇ ತಂದು ಸುರಿದಿದ್ದ ದಿಂಬಿನ ರಾಶಿಯ ಮೇಲೆ ಹಾಗೇ ಕುಳಿತುಬಿಟ್ಟರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಬಗ್ಗೆ ಈ ಅರ್ಜಿಯಲ್ಲಿ ಏನಾದರೂ ಕಡಿಮೆ ಬರೆದಿದ್ದರೆ ಈ ನಗುವಿನ ಕಾರಣಕ್ಕಾಗಿ ತಿದ್ದಿ ಓದಿಕೊಳ್ಳಬೇಕು.

"ಅಕ್ಕಾ, ಅವು ಆರ್ಡರಲ್ಲ" ಎಂದರು ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ. "ಪುಟ ತೆಗೆದಾಗಲೆಲ್ಲ ಒಂದೊಂದು ದಿಂಬು ಅಂತ ಎಣಿಸಿದೆ ಅದು. ನಾವು ಇಷ್ಟು ದಿನ ಹೊಲಿದಿದ್ದು ನಿದ್ದೆ ಹೋಗೋ ಮಕ್ಕಳ ಲೆಕ್ಕಕ್ಕೆ. ಮೇಲ್ ಎಲ್ಲೂ ಸಿಕ್ಕಿಹಾಕ್ಕೊಂಡಿಲ್ಲ. ಬರೆದವರೇ ಇಲ್ಲ."

ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದು ಮಗುವಿಗೆ ಕೈ ಚಾಚಿದ್ದರು. ಗುರುತಿಲ್ಲದ ಮುಖ ನೋಡಿ ಮಗು ಇನ್ನೂ ಜೋರಾಗಿ ಅತ್ತಿತು. ಅತ್ತೆ ಮೊದಲ ಸಾಲು ಹೇಳಿದರು. ಮಗು ಅಳು ನಿಲ್ಲಿಸಿ, ಫೋನ್ ಎಲ್ಲಿದೆ ಎಂದು ಅವರ ಸೆರಗಿನಲ್ಲಿ ಹುಡುಕಿತು. ಮೂರನೆಯ ಸಾಲಿನ ಹೊತ್ತಿಗೆ ಅವರ ಬಾಯಿಯನ್ನೇ ಬೆರಳಲ್ಲಿ ಮುಟ್ಟಿ ನೋಡಿತು. ಎರಡನೆಯ ಸಲ ಹೇಳಿ ಮುಗಿಸುವುದರೊಳಗೆ ದಿಂಬಿನ ರಾಶಿಯ ಮೇಲೆ ಅಂಗಾತ ಮಲಗಿ ನಿದ್ದೆ ಹೋಗಿತ್ತು. ಬಡಗಿಯವರು ಎತ್ತಿದ ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು, "ನನ್ನ ಕೆಲಸ ಸದ್ದಿನದು, ಮಗು ಎದ್ದ ಮೇಲೆ ನೋಡೋಣ" ಎಂದು ಬೆಂಚಿನ ಮೇಲೆ ಕುಳಿತರು.

೭. ಯಜಮಾನರು ಬಂದದ್ದು ಆಗ. ಗ್ರಾಫಣ್ಣನವರು ಎಲ್ಲವನ್ನೂ ಪಿಸುದನಿಯಲ್ಲಿ ಒಪ್ಪಿಸಿದರು. ಯಜಮಾನರು ಬಾಗಿಲಲ್ಲೇ ನಿಂತು ಕೇಳಿದರು. ಅವರ ಕಷ್ಟವನ್ನೂ ನಾನು ಇಲ್ಲಿ ದಾಖಲಿಸಲೇಬೇಕು. ಆ ಗೆರೆ ಏರಲು ಶುರುವಾದಾಗಿನಿಂದ ಅದನ್ನೇ ನೋಡುತ್ತ ಅವರು ಸರಿಯಾಗಿ ನಿದ್ದೆ ಮಾಡಿಲ್ಲ. ನಿದ್ದೆ ಮಾರುವ ಮನೆಯಲ್ಲಿ ಇದನ್ನು ಹೊರಗೆ ಹೇಳಿಕೊಳ್ಳುವಂತಿಲ್ಲ.

"ಲೆಕ್ಕ ತಪ್ಪಿರಬಹುದು" ಎಂದರು ಕೊನೆಗೆ. "ದಿಂಬು ತಪ್ಪಲ್ಲವಲ್ಲ. ಎದುರಿಗೇ ಇವೆ. ಇವನ್ನ ಎಲ್ಲಿಡೋದು? ಉಗ್ರಾಣ ಬೇಕೇ ಬೇಕು."

ಆಗ ಮಗುವಿನ ಅಜ್ಜಿ ನಡುವೆ ಬಾಯಿ ಹಾಕಿದರು. "ಪದ್ಯದಮ್ಮ ಇಲ್ಲೇ ಇದ್ದಾರೆ, ಎದುರಿಗೆ ಕೂತು ಹೇಳ್ತಾರೆ ಅಂದ್ರೆ ನಮ್ಮ ಓರಗಿತ್ತಿ ನಾಳೇನೇ ಬರ್ತಾಳೆ. ಅವಳ ಹೆಣ್ಣುಮಕ್ಕಳೂ ಬರ್ತಾರೆ. ದಿಂಬು ತಗೋತಾರೋ ಇಲ್ವೋ ನಾನು ಮಾತು ಕೊಡಲ್ಲ. ಆದ್ರೆ ಬರಿಗೈಲಿ ಎದ್ದು ಹೋಗೋ ಜನ ಅಲ್ಲ ನಾವು."

"ಬರ್ತಾರೆ ಅನ್ನೋದಕ್ಕೆ ಲೆಕ್ಕ ಎಲ್ಲಿದೆಯಮ್ಮ?"

"ನಾನು ಬಂದಿಲ್ವಾ?"

ಯಜಮಾನರು ಹಲಗೆಗಳನ್ನು ಎಣಿಸತೊಡಗಿದರು. ಅದೇ ಹೊತ್ತಿಗೆ ನಾನು ಕೋಣೆಯ ಮಾತೆತ್ತಿದೆ. ಉಲ್ಲೇಖ (ಇ)ರಲ್ಲಿ ಹೇಳಿರುವ, ತಮಗೇ ಅರ್ಜಿ ಹಾಕಿಕೊಳ್ಳಬೇಕೆಂಬ ಆದೇಶ ಆಗ ಹೊರಬಿತ್ತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ:

(ಕ) ಕೊನೆಯ ಪುಟ ತೆರೆದವರನ್ನು ಇನ್ನು ಮುಂದೆ 'ಕೊಂಡವರು' ಎನ್ನದೆ 'ಮಲಗಿದವರು' ಎಂಬ ಹೊಸ ಕಾಲಂನಲ್ಲಿ ಬರೆದುಕೊಳ್ಳಬೇಕು. ಆ ಕಾಲಂ ಎಷ್ಟು ಏರಿದರೂ ನಾವು ಹತ್ತಿ ತರಿಸುವುದಿಲ್ಲ, ಸಂತೋಷ ಮಾತ್ರ ಪಡುತ್ತೇವೆ.

(ಖ) ವಿಳಾಸದ ಪುಟದಿಂದ ಓಡಿಹೋದವರನ್ನು 'ದಾರಿಯಲ್ಲಿದ್ದಾರೆ' ಎಂದು ತಿದ್ದಬೇಕು.

(ಗ) ತಮ್ಮ ಮುಂದಿನ ವರದಿಯಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ, ಬಾಣವಿಲ್ಲದೆ, ಬಣ್ಣವಿಲ್ಲದೆ, 'ಮುಂದಿನ ಕೋಣೆ: ಇದೆ' ಎಂದು ಒಂದು ಸಾಲು ಸೇರಿಸಬೇಕು. ಯಜಮಾನರು ನಮ್ಮ ಮಾತನ್ನು ನಂಬುವುದಿಲ್ಲವೆಂದಲ್ಲ. ಅಚ್ಚಾದದ್ದನ್ನು ಸ್ವಲ್ಪ ಹೆಚ್ಚು ನಂಬುತ್ತಾರೆ.

ಗ್ರಾಫಣ್ಣನವರು ಈ ಅರ್ಜಿಯನ್ನು ವೆಬ್‌ಸೈಟಿನಲ್ಲೇ ಒಂದು ಪುಟವಾಗಿ ಹಾಕುವುದಾಗಿಯೂ, ಹಾಗೆ ಹಾಕಿದರೆ ಮಾತ್ರ ತಮ್ಮ ಕಣ್ಣಿಗೆ ಬೀಳುವುದೆಂದೂ ಹೇಳಿದ್ದಾರೆ. ಯಾರಾದರೂ ಇದನ್ನು ಓದಿದರೆ ಅದನ್ನು ಆರ್ಡರ್ ಎಂದು ಭಾವಿಸಬಾರದು.

ಇಂತು, ತಮ್ಮ ಎಣಿಕೆಗೆ ಸಿಗದಿದ್ದರೂ ತಮ್ಮ ಮೇಲೆ ವಿಶ್ವಾಸವಿಟ್ಟಿರುವ,
ಅಂಚು ಹೊಲಿಯುವವಳು.
(ಸಹಿಗೆ ಬದಲು ಒಂದು ಹೊಲಿಗೆ ಹಾಕಲು ಹೊರಟಿದ್ದೆ, ಗ್ರಾಫಣ್ಣನವರು ಬೇಡವೆಂದರು.)

ಲಗತ್ತುಗಳು:
೧. ದಿಂಬು, ಒಂದು. ತಮಗೆ ತಲೆ ಇಲ್ಲವೆಂದು ತಿಳಿದಿದೆ, ಮರ್ಯಾದೆಗಾಗಿ ಇಟ್ಟಿದೆ.
೨. ಮಗುವಿನ ಅಜ್ಜಿಯವರ ಹೇಳಿಕೆ, ಬಾಯಿಮಾತಿನದು. ಅವರೂ ಬೆಂಚಿನ ಮೇಲೆ ಬಡಗಿಯವರ ಪಕ್ಕದಲ್ಲಿ ತೂಕಡಿಸುತ್ತಿರುವುದರಿಂದ ಬರೆಸಿಕೊಳ್ಳಲಾಗಲಿಲ್ಲ.
೩. ಉಪ್ಪಿನ ಡಬ್ಬಿ ಹುಡುಕುತ್ತಿರುವ ನನ್ನ ಯಜಮಾನರ ಫೋಟೋ.

ವಿಶೇಷ ಸೂಚನೆ: ಲಗತ್ತುಗಳನ್ನು ಬರೆಯುತ್ತಿರುವಾಗ ಯಜಮಾನರು ಮತ್ತೆ ಒಳಗೆ ಬಂದರು. ಬೆಂಚಿನಲ್ಲಿ ಜಾಗವಿರಲಿಲ್ಲ, ರಾಶಿಯ ಮೇಲೆ ಮಗು. ಆದ್ದರಿಂದ ಮಂಚದ ಅಂಚಿಗೆ ಕುಳಿತರು. "ಚಪ್ಪಲಿ ಬಿಡು" ಎಂದರು ಅತ್ತೆ. ಬಿಟ್ಟರು. "ಮಲಗು." "ನನಗ್ಯಾಕಮ್ಮ ಅಳತೆ?" "ಎಲ್ಲರದ್ದೂ ನೋಡಿದ್ದೀನಿ. ನಿನ್ನದು ಒಂದು ಉಳಿದಿದೆ." ಅತ್ತೆ ಮಗನ ಕುತ್ತಿಗೆಯ ಕೆಳಗೆ ಕೈಯಿಟ್ಟರು. ಆ ಕೈಯನ್ನು ತೆಗೆಯಲು ಅವರಿಗೆ ಇನ್ನೂ ಆಗಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡೇ ಬಡಗಿಯವರಿಗೆ, "ಆ ಹಲಗೆಗಳಲ್ಲಿ ಇನ್ನೊಂದು ಅಟ್ಟ ಹೊಡೆಯೋಕಾಗುತ್ತಾ ನೋಡಿ, ದಿಂಬು ಇಡೋಕೆ. ಇವತ್ತಲ್ಲ" ಎಂದು ಹೇಳಿದ್ದು ಕೇಳಿಸಿತು. ಅದಾದ ಮೇಲೆ ಅವರಿಂದ ಕೇಳಿಸುತ್ತಿರುವುದು ಮಾತಲ್ಲ.

ಆದ್ದರಿಂದ ಕೊನೆಯದಾಗಿ, ಯಜಮಾನರು ತಾವಾಗಿ ಏಳುವವರೆಗೆ, ನಕ್ಷೆಯಲ್ಲಿ ಏನೇ ಏರಲಿ ಏನೇ ಇಳಿಯಲಿ, ಅವರ ಜೇಬಿನಲ್ಲಿರುವ ಫೋನಿಗೆ ತಾವು ಸುದ್ದಿ ಕಳಿಸಬಾರದಾಗಿ ವಿನಂತಿ.